ಹೆಸರುಕಾಳಿನ ಚೀಲ

ಇವತ್ತು ಬೆಳಿಗ್ಗೆ ಮೊಳಕೆಗೆ ಕಟ್ಟಿಟ್ಟ ಹೆಸರುಕಾಳಿನ ಗಂಟು ಬಿಚ್ಚಿದೆ. ಒದ್ದೆ ಬಟ್ಟೆಯ, ಹಸಿ ಕಾಳಿನ ವಾಸನೆ ಬಂದದ್ದೇ ಟೈಲರಕ್ಕ ನೆನಪಾದರು...

ವೇಣೂರಿನಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅವರ ಹೊಲಿಗೆ ಅಂಗಡಿ. ಯಾರು ಅಳತೆಯ ರವಿಕೆ ತಂದುಕೊಟ್ಟರೂ ಅವರು ತಾವೇ ಒಮ್ಮೆ ಟೇಪು ಹಿಡಿಯದೆ ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. 1982ರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಕ್ಯಾನ್ಸರ್ ಎಂದು ಮಂಗಳೂರಿನಲ್ಲಿ ಅವರ ಎಡ ಸ್ತನವನ್ನು ತೆಗೆದರು. ಊರಿಗೆ ಹೇಳಿದ್ದು ಹೊಟ್ಟೆಯ ಆಪರೇಷನ್ ಎಂದು. ನೆರೆಕರೆಯಲ್ಲಿ ನಿಜ ಗೊತ್ತಿದ್ದದ್ದು ಅಮ್ಮನಿಗೆ ಮತ್ತು ನನಗೆ ಮಾತ್ರ.

ಮತ್ತೆ ಅಂಗಡಿ ತೆರೆಯುವ ಮೊದಲು ಅವರು ಹತ್ತಿಯ ಚೀಲವೊಂದನ್ನು ಹೊಲಿದು ರವಿಕೆಯೊಳಗೆ ಇಟ್ಟುಕೊಂಡರು. ಹತ್ತಿ ಹಗುರ, ಕೈ ಎತ್ತಿದಾಗಲೆಲ್ಲ ಕುತ್ತಿಗೆಯ ಕಡೆಗೆ ಏರುತ್ತಿತ್ತು. ಆಮೇಲೆ ಹೆಸರುಕಾಳು ತುಂಬಿಸಿದರು. ತೂಕ ಸರಿ ಬಂತು. ಆದರೆ ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ನೆನೆದ ಚೀಲ ಒಣಗದೆ ಒಳಗಿನ ಕಾಳು ಮೊಳಕೆ ಒಡೆಯಿತು.

“ನೋಡು ಮಾರಾಯ್ತಿ, ನನ್ನ ಎದೆಯಲ್ಲಿ ಬೆಳೆ ಬಂದಿದೆ! ಪಲ್ಯ ಮಾಡುವನಾ?” ಎಂದು ಅಮ್ಮನಿಗೆ ತೋರಿಸಿ ನಕ್ಕರು. ಅಮ್ಮ ನಗಲಿಲ್ಲ. ಅಂದಿನಿಂದ ಅಕ್ಕ ಕಾಳನ್ನು ಹುರಿದು ತುಂಬಿಸತೊಡಗಿದರು.

ಆಪರೇಷನ್ ಮಾಡಿ ಹೊಸ ಎದೆ ಕಟ್ಟುತ್ತಾರೆ ಎಂದು ಕೇಳಿ, 1985ರ ಮೇ ತಿಂಗಳಲ್ಲಿ ಅವರ ಜೊತೆಗೆ ನಾನೂ ಮಂಗಳೂರಿನ ಡಾಕ್ಟರಲ್ಲಿಗೆ ಹೋದೆ. ಮೊದಲೆಲ್ಲ ಸಿಲಿಕೋನ್ ಚೀಲವನ್ನು ಚರ್ಮದ ಅಡಿಯಲ್ಲೇ ಇಡುತ್ತಿದ್ದರಂತೆ. ಅದು ಗಟ್ಟಿಯಾಗುವುದು, ಚರ್ಮ ತೆಳುವಾಗಿ ಒಡೆಯುವುದು ಹೆಚ್ಚು. ಈಗ ಎದೆಯ ಸ್ನಾಯುವಿನ ಅಡಿಯಲ್ಲಿ ಮೊದಲು ಖಾಲಿ ಚೀಲ ಇಟ್ಟು, ವಾರವಾರ ಸ್ವಲ್ಪ ಸ್ವಲ್ಪ ಉಪ್ಪುನೀರು ತುಂಬಿಸಿ, ಜಾಗ ಹಿಗ್ಗಿದ ಮೇಲೆ ಕಾಯಂ ಚೀಲ ಇಡುತ್ತಾರೆ ಎಂದರು ಡಾಕ್ಟರು.

“ಅಂದರೆ ಚೀಲಕ್ಕೆ ಲೈನಿಂಗ್ ಕೊಟ್ಟ ಹಾಗೆ, ಅಲ್ವಾ ಡಾಕ್ಟ್ರೇ?” ಎಂದರು ಅಕ್ಕ.

ಡಾಕ್ಟರು ನಕ್ಕರು. “ಹೌದಮ್ಮ, ನಿಮ್ಮದೇ ಮಾಂಸದ ಲೈನಿಂಗ್. ಚೀಲ ಹೊರದೇಶದಿಂದ ಬರಬೇಕು. ಮಳೆಗಾಲ ಕಳೆದು ಬನ್ನಿ, ಮಾಡುವ.”

ವಾಪಸು ಬರುವಾಗ ಮೂಡುಬಿದಿರೆಯಲ್ಲಿ ಬಸ್ಸಿಳಿದು, ಕೆಂಪು ರವಿಕೆ ಕಣ ಕೊಂಡರು. “ಇದನ್ನು ಆಪರೇಷನ್ ಆದ ಮೇಲೆಯೇ ಹೊಲಿಯುವುದು. ಈಗಿನ ಅಳತೆ ಸುಳ್ಳು,” ಎಂದರು.

ಆ ಮಳೆಗಾಲದಲ್ಲಿ ಚೀಲದ ಅಂಚು ತಾಗುವಲ್ಲಿ, ಹಳೆಯ ಹೊಲಿಗೆಯ ಗುರುತಿನ ಪಕ್ಕದಲ್ಲಿ, ಅವರಿಗೆ ಕೆಂಪಗೆ ಒಂದು ಗುಳ್ಳೆ ಎದ್ದಿತು. ಹುರಿದ ಕಾಳು ಒರಟು, ಉಜ್ಜಿ ಆದದ್ದು ಎಂದುಕೊಂಡರು. ಚೀಲಕ್ಕೆ ಹಳೆಯ ಮಲ್ ಬಟ್ಟೆಯ ಹೊದಿಕೆ ಹಾಕಿದರು. ಗುಳ್ಳೆ ಹೋಗಲಿಲ್ಲ, ಇನ್ನೊಂದು ಪದರ ಹಾಕಿದರು. ಎಲ್ಲಿ ಚುಚ್ಚಿದರೂ ಅಲ್ಲಿಗೆ ಮೆತ್ತನೆಯ ಬಟ್ಟೆ ಕೊಡುವುದು... ಮೂವತ್ತು ವರ್ಷ ಅವರು ಮಾಡಿದ ಕೆಲಸ ಅದೇ. ಅಮ್ಮನೂ ತೆಂಗಿನೆಣ್ಣೆ ಹಚ್ಚಿಕೊಟ್ಟರು.

ಅಕ್ಟೋಬರಿನಲ್ಲಿ ಆಪರೇಷನ್ನಿನ ದಿನ ಗೊತ್ತುಮಾಡಲು ಹೋದೆವು. ಪರೀಕ್ಷೆ ಮಾಡುತ್ತಿದ್ದ ಡಾಕ್ಟರ ಬೆರಳು ಆ ಗುಳ್ಳೆಯ ಮೇಲೆ ನಿಂತಿತು.

“ಇದು ಯಾವಾಗಿನಿಂದ ಉಂಟು?”

“ಅದು ಹೆಸರುಕಾಳು ತಾಗಿ ಆದದ್ದು ಡಾಕ್ಟ್ರೇ,” ಎಂದರು ಅಕ್ಕ.

ಡಾಕ್ಟರು ಹೊಸ ಚೀಲದ ಮಾತು ಎತ್ತಲಿಲ್ಲ. ಹಳೆಯ ಕಾಯಿಲೆಯೇ ಮರಳಿತ್ತು. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟೇ: ‘ಹೋದದ್ದು ಏಳರ ಬಸ್ಸಿಗೆ, ಬಂದದ್ದು ನಾಲ್ಕರದಕ್ಕೆ.’

ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ. ಸ್ನಾನ ಮಾಡಿಸಿ ಸೀರೆ ಉಡಿಸುವಾಗ ಅವರ ಅತ್ತಿಗೆಗೆ ದಿಂಬಿನ ಅಡಿಯಲ್ಲಿ ಆ ಚೀಲ ಸಿಕ್ಕಿತು. “ಇದನ್ನು ಏನು ಮಾಡುವ?” ಎಂದರು.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಹೊದಿಕೆಯ ಸುಕ್ಕು ಸರಿಮಾಡಿದರು. “ರವಿಕೆಯ ಒಳಗೆ ಇಡುವ. ಎರಡು ಬದಿ ಸಮ ಬಾರದೆ ಅವಳು ಯಾರ ರವಿಕೆಯನ್ನೂ ಕೊಟ್ಟವಳಲ್ಲ.”

ಕೆಂಪು ಕಣ ಈಗ ಅಮ್ಮನ ಪೆಟ್ಟಿಗೆಯಲ್ಲಿದೆ, ಮಡಿಕೆ ಬಿಚ್ಚದೆ. ನಾನು ರವಿಕೆ ಹೊಲಿಸುವುದು ಮೂಡುಬಿದಿರೆಯಲ್ಲಿ. ಅಲ್ಲಿನ ಟೈಲರು ಟೇಪು ಹಿಡಿಯುವುದಿಲ್ಲ, ಅಳತೆಯ ರವಿಕೆ ಸಾಕು ಎನ್ನುತ್ತಾರೆ. ಅಕ್ಕ ಹೊಲಿದದ್ದನ್ನೇ ಕೊಡುತ್ತೇನೆ... ಆ ಅಳತೆಯೂ ಈಗ ಬಿಗಿಯಾಗುತ್ತಿದೆ.