ಎಡಗಡೆಯ ಗೋಡೆ

ನನ್ನ ಎಡಗಣ್ಣು ಕೈಕೊಟ್ಟಾಗ ನಾನು ಮೊದಲು ಬೈದದ್ದು ಕಾರು ತೊಳೆಯುವವರನ್ನು. ಈ ಕೊಲ್ಲಿ ದೇಶದ ಅಲ್ ಅಜೀಜಿಯಾದಲ್ಲಿ ನಾವಿರುವ ಕಟ್ಟಡದ ಕೆಳಗೆ ಬೆಳಗಿನ ಐದಕ್ಕೇ ಬಕೆಟ್ ಹಿಡಿದು ನಿಲ್ಲುತ್ತಿದ್ದ ಆ ಮನುಷ್ಯ ವಯಸ್ಸಿನಲ್ಲಿ ನನಗಿಂತ ಹಿರಿಯರು. ಮುಂದಿನ ಗಾಜಿನ ಎಡಭಾಗ ಸರಿಯಾಗಿ ಒರೆಸುವುದಿಲ್ಲ, ಧೂಳು ಇದ್ದಲ್ಲೇ ಇದೆ ಎಂದು ಒಂದು ವಾರ ಅವರ ಜೀವ ಹಿಂಡಿದೆ. ಅವರು ಎದುರು ಮಾತಾಡದೆ ಪ್ರತಿದಿನ ಎರಡೆರಡು ಸಲ ಒರೆಸಿದರು. ಈ ಊರಲ್ಲಿ ಏನು ಮಸುಕಾದರೂ ಧೂಳಿನ ತಲೆಗೆ ಕಟ್ಟಿಬಿಡಬಹುದು. ನನಗೆ ಅದೇ ಅನುಕೂಲವಾಗಿತ್ತು.

ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಅದನ್ನು ಮುಚ್ಚಿಕೊಂಡೇ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ನನ್ನ ಮುಖ ಇರಲಿಲ್ಲ. ಗಂಜಿಯ ತಿಳಿ ಚೆಲ್ಲಿದ ಹಾಗೆ ಒಂದು ಬಿಳಿ ಮಸುಕು ಮಾತ್ರ ಇತ್ತು. ಬಲಗಣ್ಣು ತೆರೆದೆ, ಮುಖ ಬಂತು. ಮುಚ್ಚಿದೆ, ಹೋಯಿತು. ಐದಾರು ಸಲ ಹೀಗೇ ಮಾಡಿದೆ. ಬೇಸಿನ್ನಿನ ಅಂಚು ಹಿಡಿದುಕೊಂಡು ನಿಂತೆ. ಆಮೇಲೆ ಯೂನಿಫಾರ್ಮಿನ ಬಿಳಿ ಅಂಗಿ ತೊಟ್ಟು ಕೆಲಸಕ್ಕೆ ಹೋದೆ.

ನನ್ನ ಕೆಲಸ ಏನೆಂದು ಹೇಳಿದರೆ ನನ್ನ ಹೆದರಿಕೆ ಯಾಕೆಂದು ತಿಳಿದೀತು. ಅಲ್ ರಯ್ಯಾನಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಡ್ರೈವರ್, ನಾನೇ ಗೈಡ್. ಪ್ರವಾಸಿಗಳ ಒಂದು ಕುಟುಂಬ, ಒಂದು ಕಾರು, ಒಂದು ದಿನ. ಸೂಕ್ ಎಂಬ ಹಳೆಯ ಪೇಟೆ, ಕಾರ್ನಿಶ್ ಎಂಬ ಕಡಲದಂಡೆಯ ರಸ್ತೆ, ಉತ್ತರದ ಕೋಟೆ ಎಲ್ಲವನ್ನೂ ತೋರಿಸುತ್ತ, ವಿವರಿಸುತ್ತ, ಓಡಿಸುವುದು. ಹದಿನೇಳು ವರ್ಷದಿಂದ ನನ್ನ ವೀಸಾ ನಿಂತಿರುವುದು ಆ ಸ್ಟಿಯರಿಂಗಿನ ಮೇಲೆ. ಹೆಂಡತಿಯ ವೀಸಾ, ಹನ್ನೆರಡನೇ ಕ್ಲಾಸಿನಲ್ಲಿದ್ದ ಮಗಳ ವೀಸಾ, ಎರಡೂ ನನ್ನದಕ್ಕೆ ಜೋತುಬಿದ್ದಿದ್ದವು. ಸಕ್ಕರೆ ಕಾಯಿಲೆ ಇದೆ, ಕಣ್ಣು ತೋರಿಸಿಕೊಳ್ಳಿ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಿದ್ದರು. ನಾನು ಪ್ರತಿ ಸಲ ತಲೆಯಾಡಿಸುತ್ತಿದ್ದೆ. ಈಗ ತೋರಿಸಿದರೆ ಕಾಗದದ ಮೇಲೆ ಬರುತ್ತದೆ, ಬಂದರೆ ಖಲಾಸ್. ತೋರಿಸಲಿಲ್ಲ.

ಒಂದು ಕಣ್ಣಿನಲ್ಲಿ ಗಾಡಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಆದರೆ ಈ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ರೌಂಡಬೌಟಿಗೆ ನುಗ್ಗುವಾಗ ಅಪಾಯ ಬರುವುದು ಎಡದಿಂದ. ನನಗೆ ಕಾಣದೇ ಹೋದದ್ದು ಅದೇ ಎಡ. ಅದಕ್ಕೆ ತಲೆಯನ್ನು ಪೂರ್ತಿ ಭುಜದ ತನಕ ತಿರುಗಿಸಿ ಬಲಗಣ್ಣನ್ನು ಅತ್ತ ಒಯ್ಯಬೇಕು. ಪ್ರತಿ ಸಲ ಹಾಗೆ ಕತ್ತು ತಿರುಗಿಸುವ ಡ್ರೈವರನನ್ನು ನೋಡಿ ಹಿಂದೆ ಕೂತವರು ಸುಮ್ಮನಿರುತ್ತಾರೆಯೇ?

ಇಲ್ಲಿ ನನ್ನ ಗೈಡ್ ಬುದ್ಧಿ ಕೆಲಸಕ್ಕೆ ಬಂತು. ರೌಂಡಬೌಟ್ ಹತ್ತಿರ ಬಂದ ಕೂಡಲೇ ಕೈ ಎತ್ತಿ, ಕತ್ತು ತಿರುಗಿಸಿ, "ಎಡಗಡೆ ನೋಡಿ" ಎನ್ನುತ್ತಿದ್ದೆ. ಎಡಗಡೆ ಮಸೀದಿ ಇದ್ದರೆ ಮಸೀದಿ, ಖರ್ಜೂರದ ಮರ ಇದ್ದರೆ ಖರ್ಜೂರ. ಪ್ರವಾಸಿಗಳೆಲ್ಲ ಅತ್ತ ತಿರುಗುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಆ ಎರಡು ಕ್ಷಣದಲ್ಲಿ ನಾನು ಬರುವ ಗಾಡಿಗಳನ್ನು ಲೆಕ್ಕ ಹಾಕಿ ನುಗ್ಗುತ್ತಿದ್ದೆ. ಎದೆ ಬಾಯಿಗೆ ಬರುತ್ತಿತ್ತು, ಬಾಯಿ ಮಾತ್ರ ಖರ್ಜೂರದ ತಳಿಗಳ ಬಗ್ಗೆ ಮಾತಾಡುತ್ತಿತ್ತು. ಮೂರು ತಿಂಗಳು ಹೀಗೆ ಕಳೆದೆ.

ಅನುಮಾನ ಬಂದದ್ದು ಹೆಂಡತಿಗೆ ಮಾತ್ರ.

"ಚಾ ಇಟ್ಟು ಅರ್ಧ ಗಂಟೆ ಆಯ್ತು. ಎಡದ ಬದಿಯಲ್ಲೇ ಉಂಟು, ಕಾಣುದಿಲ್ವಾ ನಿಮಗೆ?"

"ಯೋಚನೆ ಮಾಡ್ತಾ ಇದ್ದೆ ಮಾರಾಯ್ತಿ."

"ನಿನ್ನೆ ಸಹ ಯೋಚನೆ, ಮೊನ್ನೆ ಸಹ ಯೋಚನೆ. ಎಂತ ಅಂಥ ಯೋಚನೆ?"

ಸಿಟ್ಟು ಬಂದವನಂತೆ ಎದ್ದು ಹೋದೆ. ಹೆದರಿಕೆಯಾದಾಗ ಸಿಟ್ಟು ಮಾಡುವುದು ನನ್ನ ಹಳೆಯ ಚಾಳಿ. ಮರುದಿನದಿಂದ ಅವಳು ಒಂದೂ ಮಾತಾಡದೆ ಚಾ ಬಲಗಡೆ ಇಡತೊಡಗಿದಳು. ಅದು ಇನ್ನಷ್ಟು ಹೆದರಿಸಿತು.

ಆ ಹೊತ್ತಿಗೇ ಕಾರ್ಖಾನೆಗಳ ಊರಾದ ಮೆಸಯೀದಿನಿಂದ ಒಂದು ಬುಕ್ಕಿಂಗ್ ಬಂತು. ಅಲ್ಲಿಯ ಪ್ಲಾಂಟಿನಲ್ಲಿ ಕೆಲಸ ಮಾಡುವ ಒಬ್ಬ ಜಪಾನಿ ಎಂಜಿನಿಯರಿನ ತಂದೆ ಮಗನನ್ನು ನೋಡಲು ಬಂದಿದ್ದರು. ಮಗನಿಗೆ ರಜೆ ಇಲ್ಲ. ಎರಡು ದಿನ ತಂದೆಯನ್ನು ಕಾರಿನಲ್ಲಿ ಸುತ್ತಾಡಿಸಬೇಕು. ನಮ್ಮ ಆಫೀಸಿನಲ್ಲಿ ಗಾಡಿಗಳನ್ನು ಹಂಚಿ ಕಳಿಸುವವರು ಉಡುಪಿ ಕಡೆಯ ಒಬ್ಬರು ಕ್ರಿಶ್ಚಿಯನ್ನರು, ನನಗಿಂತ ಕಿರಿಯರು, ನನ್ನ ಮೇಲೆ ಬಹಳ ನಂಬಿಕೆ. "ಬ್ಯಾರಿಗಳೇ, ವಯಸ್ಸಾದ ಜನ. ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕಳಿಸುದಿಲ್ಲ ನಾನು" ಅಂದರು. ನಾನು ಚಾವಿ ತೆಗೆದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಕಂಪನಿ ಕ್ವಾರ್ಟರ್ಸಿನ ಗೇಟಿನಲ್ಲಿ ಅವರು ಕಾದಿದ್ದರು. ಕುಳ್ಳಗಿನ ದೇಹ, ಬಟ್ಟೆಯ ಟೊಪ್ಪಿ, ವಯಸ್ಸು ಎಂಬತ್ತರ ಹತ್ತಿರ. ನನಗೆ ಬಗ್ಗಿ ನಮಸ್ಕರಿಸಿದರು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ನಾಲ್ಕು ಟೈರನ್ನೂ ನೋಡಿದರು. ಅವರ ಇಂಗ್ಲಿಷ್ ಹೆಚ್ಚು ಕಡಿಮೆ ನನ್ನ ಇಂಗ್ಲಿಷಿನ ಹಾಗೇ ಇತ್ತು, ಆದ್ದರಿಂದ ಇಬ್ಬರಿಗೂ ತೊಂದರೆಯಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಳ್ಳುತ್ತ ಅವರು ಹೇಳಿದರು:

"ನಾನೂ ಇದೇ ಕೆಲಸದವನು. ಕ್ಯೋಟೋದಲ್ಲಿ. ಕಾರಿನಲ್ಲಿ ವಿದೇಶಿಯರಿಗೆ ದೇವಾಲಯ, ತೋಟ, ಹಳೆಯ ಬೀದಿ ತೋರಿಸುತ್ತಿದ್ದೆ. ಮೂವತ್ತು ವರ್ಷಕ್ಕಿಂತ ಹೆಚ್ಚು."

ಪ್ರವಾಸಿಗಳ ಕಣ್ಣಿಗೆ ಮಣ್ಣೆರಚಬಹುದು, ಕಸುಬಿನವನ ಕಣ್ಣಿಗೆ ಹೇಗೆ ಎರಚುವುದು?

ಮೆಸಯೀದಿನ ರಸ್ತೆಗಳು ಪ್ರವಾಸಿಗಳಿಗಾಗಿ ಮಾಡಿದವಲ್ಲ. ಪೈಪು ಹೊತ್ತ ಟ್ರೈಲರುಗಳು, ಶಿಫ್ಟಿನ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಮೊದಲ ರೌಂಡಬೌಟ್ ಬಂತು. ಅಭ್ಯಾಸ ಬಲದಿಂದ ಕೈ ಎತ್ತಿ, ಕತ್ತು ತಿರುಗಿಸಿ, "ಎಡಗಡೆ ನೋಡಿ ಸರ್" ಎಂದೆ. ಎಡಗಡೆ ಮಸೀದಿ ಇರಲಿಲ್ಲ, ಒಂದು ಗಿಡವೂ ಇರಲಿಲ್ಲ. ಯಾವುದೋ ಗೋದಾಮಿನ ಕಾಂಕ್ರೀಟ್ ಗೋಡೆ, ಬೂದು ಬಣ್ಣದ್ದು, ಉದ್ದಕ್ಕೆ ಹೋಗಿತ್ತು. ಮಾತು ಬಾಯಿಂದ ಹೊರಟಾಗಿತ್ತು.

"ಗೋಡೆ" ಎಂದೆ.

ಅವರು ವಿನಯದಿಂದ ಗೋಡೆ ನೋಡಿದರು. ನಾನು ಎರಡು ಟ್ರೈಲರುಗಳನ್ನು ಬಿಟ್ಟು ನುಗ್ಗಿದೆ. ಆ ಕಡೆ ದಾಟಿದ ಮೇಲೆ ಅವರು ಕೇಳಿದರು: "ಆ ಗೋಡೆಯ ಚರಿತ್ರೆ ಏನು?"

"ಹಳೆಯದು ಸರ್. ತುಂಬಾ ಹಳೆಯದು."

ಕನ್ನಡಿಯಲ್ಲಿ ಅವರ ಮುಖ ಕಂಡಿತು. ನಗು ಇರಲಿಲ್ಲ. ಅವರು ಗೋಡೆಯನ್ನಾಗಲಿ, ರಸ್ತೆಯನ್ನಾಗಲಿ ನೋಡುತ್ತಿರಲಿಲ್ಲ. ನನ್ನ ಕತ್ತನ್ನೇ ನೋಡುತ್ತಿದ್ದರು.

ಆ ದಿನ ಸೂಕಿನಲ್ಲಿ ಏನು ತೋರಿಸಿದೆ, ಕಾರ್ನಿಶಿನಲ್ಲಿ ಹಾಯಿದೋಣಿಗಳ ಬಗ್ಗೆ ಏನು ಹೇಳಿದೆ, ಒಂದೂ ನೆನಪಿಲ್ಲ. ಇವರು ಮಗನಿಗೆ ಹೇಳುತ್ತಾರೆ, ಮಗ ಆಫೀಸಿಗೆ ಫೋನ್ ಮಾಡುತ್ತಾನೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಸಂಜೆ ವಾಪಸು ಹೊರಡುವಾಗ ಅವರು ಹಿಂದಿನ ಬಾಗಿಲು ಬಿಟ್ಟು ಮುಂದೆ ಬಂದು ನನ್ನ ಪಕ್ಕದಲ್ಲಿ ಕೂತರು. ಮೊದಲ ಜಂಕ್ಷನ್ನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ದಾಟಿ ಎಡಕ್ಕೆ ನೋಡಿ, ಬೆರಳು ಚಾಚಿ, ಮೆಲ್ಲಗೆ ಏನೋ ಹೇಳಿದರು.

"ಹಿದಾರಿ ಯೋಶಿ."

"ಏನು ಸರ್?"

"ಎಡಗಡೆ ಖಾಲಿ ಇದೆ, ಹೋಗಬಹುದು ಅಂತ. ನಮ್ಮಲ್ಲಿ ಗಾಡಿಯವರು ಬಾಯಿಬಿಟ್ಟು ಹೇಳುತ್ತಾರೆ. ಹಳೆಯ ಅಭ್ಯಾಸ."

ಮೆಸಯೀದಿನ ತನಕ ಪ್ರತಿ ರೌಂಡಬೌಟಿನಲ್ಲೂ ಹೇಳಿದರು. ಗಾಡಿ ಬರುತ್ತಿದ್ದರೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ನಾನು ಕಾರಣ ಕೇಳಲಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಕತ್ತಿನ ನೋವು ಸ್ವಲ್ಪ ಇಳಿಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಯಿತು.

ಆ ಖುಷಿಯೇ ಮರುದಿನ ತಪ್ಪು ಮಾಡಿಸಿತು. ಉತ್ತರದ ಜುಬಾರಾ ಕೋಟೆಗೆ ಹೋಗುವುದೆಂದು ಬೆಳಿಗ್ಗೆ ಹೊರಟಿದ್ದೆವು. ಅವರು ಮುಂದೆಯೇ ಕೂತಿದ್ದರು. ಗೋಡೆಯ ಹತ್ತಿರದ ಅದೇ ರೌಂಡಬೌಟ್. ನಾನು ಕತ್ತು ತಿರುಗಿಸಲಿಲ್ಲ. ಎಡಗಡೆಯನ್ನು ಒಂದೇ ದಿನದಲ್ಲಿ ಆ ಮುದುಕರಿಗೆ ಬಿಟ್ಟುಕೊಟ್ಟಿದ್ದೆ. ಅವರು ಅಂಗೈ ಅಡ್ಡ ಹಿಡಿಯಲಿಲ್ಲವಾದ್ದರಿಂದ ಖಾಲಿ ಇದೆ ಎಂದುಕೊಂಡು ಕಾಲು ಒತ್ತಿದೆ. ಅವರು ಆ ಕ್ಷಣ ಬಗ್ಗಿ ಜೇಬಿನಿಂದ ಪರ್ಸ್ ತೆಗೆಯುತ್ತಿದ್ದರು.

ಹಾರ್ನ್ ಎಷ್ಟು ಹತ್ತಿರದಿಂದ ಕೇಳಿತೆಂದರೆ ಅದು ನನ್ನ ಕಿವಿಯೊಳಗಿಂದಲೇ ಬಂದಂತಾಯಿತು. ಬ್ರೇಕ್ ಒತ್ತಿದೆ. ಶೂನ್ಯದಿಂದ ಒಂದು ಬಸ್ಸು ಹುಟ್ಟಿ ನನ್ನ ಬಾನೆಟ್ಟಿನ ಮುಂದೆ ಹಾದುಹೋಯಿತು. ಪ್ಲಾಂಟಿಗೆ ಹೋಗುವ ಕಾರ್ಮಿಕರ ಬಸ್ಸು. ಒಂದೊಂದು ಕಿಟಕಿಯಲ್ಲೂ ಒಂದೊಂದು ಮುಖ ಇತ್ತು. ಒಬ್ಬ ನಿದ್ದೆಯಲ್ಲಿ ಗಾಜಿಗೆ ಹಣೆ ಹಚ್ಚಿದ್ದ, ಎಚ್ಚರವಾಗಲೂ ಇಲ್ಲ. ನಡುವೆ ಒಂದು ಗೇಣು ಜಾಗ ಇತ್ತೋ ಇಲ್ಲವೋ ಗೊತ್ತಿಲ್ಲ.

ಹೇಗೋ ರೌಂಡಬೌಟ್ ಸುತ್ತಿ ಗಾಡಿಯನ್ನು ಬದಿಗೆ, ಆ ಗೋಡೆಯ ಬುಡಕ್ಕೆ ತಂದು ನಿಲ್ಲಿಸಿದೆ. ಅಳು ಬರುತ್ತಿತ್ತು. ಅವರು ಪರ್ಸಿನಿಂದ ಒಂದು ಕಾರ್ಡು ತೆಗೆದು ನನ್ನ ಕೈಯಲ್ಲಿಟ್ಟರು. ಫೋಟೋ, ಜಪಾನಿ ಅಕ್ಷರ, ಥೇಟ್ ಡ್ರೈವಿಂಗ್ ಲೈಸೆನ್ಸಿನ ಹಾಗೆ ಇತ್ತು.

"ಇದು ಲೈಸೆನ್ಸ್ ಅಲ್ಲ" ಎಂದರು. "ಲೈಸೆನ್ಸನ್ನು ತಾನಾಗಿ ಪೊಲೀಸರಿಗೆ ಒಪ್ಪಿಸಿದವರು ಕೇಳಿಕೊಂಡರೆ ಇದನ್ನು ಕೊಡುತ್ತಾರೆ. ನೀವು ಇಷ್ಟು ವರ್ಷ ಓಡಿಸಿದ್ದೀರಿ ಅಂತ. ಇದನ್ನು ನಿಮಗೆ ತೋರಿಸಬೇಕು ಅಂತಲೇ ಪರ್ಸ್ ತೆಗೆಯುತ್ತಿದ್ದೆ."

ನಾನು ಕಾರ್ಡನ್ನು ತಿರುಗಿಸಿ ನೋಡಿದೆ.

"ನನ್ನದು ಬಲಗಣ್ಣು. ನಮ್ಮಲ್ಲಿ ಗಾಡಿ ರಸ್ತೆಯ ಎಡಕ್ಕೆ ಓಡುತ್ತದೆ. ನಾನೂ ಹೇಳುತ್ತಿದ್ದೆ, ಬಲಗಡೆ ನೋಡಿ, ದೇವಾಲಯದ ಗೋಡೆ ಅಂತ. ಆ ಗೋಡೆಗೆ ನಿಜವಾಗಿಯೂ ಚರಿತ್ರೆ ಇತ್ತು. ಒಂದು ದಿನ ಗೋಡೆಯ ಕಡೆಯಿಂದ ಸೈಕಲ್ಲಿನಲ್ಲಿ ಒಂದು ಮಗು ಬಂತು."

"ಮಗು ಉಳಿಯಿತಾ?"

"ಉಳಿಯಿತು" ಎಂದರು. ಆಮೇಲೆ ತಮ್ಮ ಮೊಣಕಾಲಿನ ಕೆಳಗೆ ಅಂಗೈಯನ್ನು ಕತ್ತಿಯಂತೆ ಅಡ್ಡ ಎಳೆದು ತೋರಿಸಿದರು. "ಮರುದಿನ ಲೈಸೆನ್ಸ್ ಕೊಟ್ಟೆ. ಒಂದು ದಿನ ಮೊದಲು ಕೊಡಬೇಕಿತ್ತು. ನಿಮಗೆ ಇವತ್ತು ಆ ಮೊದಲಿನ ದಿನ."

ಎಂಜಿನ್ ಆಫ್ ಮಾಡಿ ಆಫೀಸಿಗೆ ಫೋನ್ ಮಾಡಿದೆ. ಉಡುಪಿಯವರು ಎತ್ತಿದರು.

"ಎಂತ ಬ್ಯಾರಿಗಳೇ, ಗಾಡಿ ಕೆಟ್ಟಿತಾ?"

"ಗಾಡಿ ಸರಿ ಉಂಟು. ನನ್ನ ಎಡಗಣ್ಣು ಕಾಣುದಿಲ್ಲ. ಬೇರೆ ಡ್ರೈವರನ್ನು ಕಳಿಸಿ."

"ಈಗ ಆದದ್ದಾ? ಧೂಳು ಹೋಯ್ತಾ?"

"ಧೂಳಲ್ಲ. ಮೂರು ತಿಂಗಳಾಯ್ತು."

"ಕಳೆದ ತಿಂಗಳು ನನ್ನ ಮಕ್ಕಳನ್ನು ಏರ್‌ಪೋರ್ಟಿಗೆ ಬಿಟ್ಟದ್ದು ನೀವೇ ಅಲ್ವಾ?"

"ಹೌದು."

ಚಿಕ್ಕವಳು ಹಿಂದೆ ಎಡಗಡೆಯ ಕಿಟಕಿಗೆ ಕೂತಿದ್ದಳು. ದಾರಿಯುದ್ದಕ್ಕೂ ನಾನು "ಎಡಗಡೆ ನೋಡು ಪುಟ್ಟಾ, ಎಡಗಡೆ ನೋಡು" ಎನ್ನುತ್ತಿದ್ದೆ. ಅವಳು ಪ್ರತಿ ಸಲ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು.

"ಅಲ್ಲೇ ಇರಿ. ಚಾವಿ ಮುಟ್ಟಬೇಡಿ" ಎಂದು ಅವರು ಫೋನ್ ಇಟ್ಟರು.

ಬದಲಿ ಡ್ರೈವರ್ ಬರಲು ಒಂದು ಗಂಟೆ ಬೇಕಾಯಿತು. ಅಷ್ಟು ಹೊತ್ತು ಇಬ್ಬರು ಡ್ರೈವರುಗಳು ಒಳ್ಳೆಯ ಸ್ಥಿತಿಯಲ್ಲಿದ್ದ ಒಂದು ಕಾರಿನಲ್ಲಿ, ಓಡಿಸುವವರಿಲ್ಲದೆ, ಗೋಡೆ ನೋಡುತ್ತ ಕೂತಿದ್ದೆವು. ನಾನು ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. "ಗೊತ್ತುಂಟು. ಮನೆಗೆ ಬನ್ನಿ" ಎಂದಳು, ಅಷ್ಟೇ. ಮುಂದೆ ನಮ್ಮ ಗತಿ ಏನೆಂದು ಅವಳೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಬದಲಿಗೆ ಬಂದ ಮಲಯಾಳಿ ಗೆಳೆಯ ಸ್ಟಿಯರಿಂಗ್ ಹಿಡಿದ. ಜಪಾನಿ ಅಜ್ಜ ಇಳಿದು ಬಂದು ನನಗಾಗಿ ಹಿಂದಿನ ಬಾಗಿಲು ತೆರೆದು, ಬಗ್ಗಿ ನಿಂತರು. ಹದಿನೇಳು ವರ್ಷದಲ್ಲಿ ಆ ಕೆಲಸವನ್ನು ನನಗೆ ಯಾರೂ ಮಾಡಿರಲಿಲ್ಲ. ನಾನು ಹಿಂದೆ, ಎಡಗಡೆಯ ಕಿಟಕಿಗೆ ಕೂತೆ. ಮೊದಲ ರೌಂಡಬೌಟ್ ಬಂದಾಗ ಬೆನ್ನು ಸೆಟೆದು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಡ್ರೈವರನ ತಲೆಯ ಹಿಂಭಾಗ, ಒಂದು ಕಿವಿ, ಅಂಗಿಯ ಕಾಲರ್ ಕಾಣುತ್ತಿತ್ತು. ಅವನ ಕಣ್ಣು ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಅದು ಕಾಣುವುದೇ ಇಲ್ಲ.

ಆ ಮೂರು ತಿಂಗಳಲ್ಲಿ ಈ ಸೀಟಿನಲ್ಲಿ ಕೂತವರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಹೊಸದಾಗಿ ಮದುವೆಯಾದ ಇಬ್ಬರು, ಊರುಗೋಲಿನ ಒಬ್ಬ ಅಜ್ಜಿ, ಕೈಗೂಸನ್ನು ಮಲಗಿಸಿಕೊಂಡ ಒಬ್ಬ ತಾಯಿ, ಗಾಜಿಗೆ ಮೂಗು ಒತ್ತಿದ ಆ ಚಿಕ್ಕವಳು. ಇಳಿಯುವಾಗ ಅವರೆಲ್ಲರೂ ನನಗೆ ಥ್ಯಾಂಕ್ಸ್ ಹೇಳಿ ಹೋಗಿದ್ದರು.