ಮಲಗಿ ನೋಡಿದ ಮೇಲೆ ಅಡ್ವಾನ್ಸ್

ಸಿಕಂದರಾಬಾದಿನ ಈ ಓಣಿಯಲ್ಲಿ ಹಾಲಿನ ಪಾಕೀಟುಗಳು ಇನ್ನೂ ಬಾಗಿಲಲ್ಲೇ ಬಿದ್ದಿವೆ. ಮನೆ ಬ್ರೋಕರ್ ದಾನೇಶ್ವರಿ ಖಾಲಿ ಮನೆಯೊಂದರ ಬೀಗ ತೆಗೆದು, ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ, ಕಂಕುಳಲ್ಲಿದ್ದ ಚಾಪೆಯನ್ನು ನೆಲಕ್ಕೆ ಹಾಸುತ್ತಾರೆ. ಜೊತೆಗಿರುವ ಸುಮತಿ ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದಿದ್ದಾರೆ. ಒಳ್ಳೆಯ ಗಾಳಿ, ಆಸ್ಪತ್ರೆಗೆ ನಡೆದೇ ಹೋಗಬಹುದು. ಅಡ್ವಾನ್ಸ್ ಕಳಿಸಲು ಸುಮತಿ ಫೋನ್ ತೆಗೆಯುತ್ತಾರೆ.

"ರೊಕ್ಕ ಇರಲಿ ತಂಗಿ. ಮೊದಲ ಇಲ್ಲಿ ಮಲ್ಕೋ."

"ಮನಿ ತೋರಸಾಕ ಕರದೀರೋ, ಜೋಗುಳ ಹಾಡಾಕೋ ಅಕ್ಕಾ?"

"ನೀ ಹಗಲ ಮಲಗಾಕಿ. ಹಿಂದ ಕಬ್ಬಿಣದ ಅಲಮಾರಿ ಮಾಡೋ ಶೆಡ್ ಐತಿ. ನಾ ಹೇಳಿದ್ರ ಸಾಲದು, ನೀನ ಕೇಳು."

ದಣಿದ ಸುಮತಿಗೆ ತಕ್ಷಣ ನಿದ್ದೆ ಹತ್ತುತ್ತದೆ. ಒಂಬತ್ತಕ್ಕೆ ಶೆಡ್ಡಿನ ಸುತ್ತಿಗೆಗಳು ಶುರುವಾದಾಗ ಎದ್ದು ಕೂತು, ಕಿವಿ ಮುಚ್ಚಿಕೊಂಡು ತಲೆಯಾಡಿಸುತ್ತಾರೆ. ಈ ಮನೆ ಬೇಡ.

ದಾನೇಶ್ವರಿ ಸೇಡಂ ಕಡೆಯವರು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು. ಆಗ ಬ್ರೋಕರ್ ಒಬ್ಬ ಭಾನುವಾರ ಸಂಜೆ ರೂಮು ತೋರಿಸಿ ಅಡ್ವಾನ್ಸ್ ತೆಗೆದುಕೊಂಡಿದ್ದ. "ಸೋಮವಾರ ಗೊತ್ತಾತ್ರಿ, ಕೆಳಗ ಹಿಟ್ಟಿನ ಗಿರಣಿ. ಕೂಸು ಮಲಗಲಿಲ್ಲ, ನಾವೂ ಮಲಗಲಿಲ್ಲ. ಅಂವ ಫೋನ್ ಎತ್ತಲಿಲ್ಲ." ಆ ನೆನಪಿನಿಂದಲೇ ಅವರ ಪದ್ಧತಿ ಹುಟ್ಟಿದೆ: ಮನೆಯನ್ನು ಅದು ಅತಿ ಕೆಟ್ಟದಾಗಿರುವ ಹೊತ್ತಿನಲ್ಲೇ ತೋರಿಸುವುದು. "ಹುಳುಕ ಮೊದಲ ಹೇಳಿಬಿಡಬೇಕ್ರಿ. ಆಮ್ಯಾಲೆ ಹೇಳೂ ಚಲೋ ಮಾತು ಮಂದಿ ನಂಬತಾರ."

ಆದರೆ ಮನೆ ಮಾಲೀಕರು ಸಿಟ್ಟಾಗುತ್ತಾರೆ. ಈ ಮನೆಯ ಒಡೆಯ ಸಿದ್ದರಾಮಪ್ಪ ಬೇಗಂ ಬಜಾರಿನ ಕಿರಾಣಿ ವ್ಯಾಪಾರಿ. ಗಾರೆ ಕೆಲಸದಾಕೆಯನ್ನು ನಂಬಿ ಮೊದಲ ಸಲ ಕೀಲಿ ಕೊಟ್ಟವರು ಅವರೇ. ಆ ಉಪಕಾರವನ್ನು ದಾನೇಶ್ವರಿ ದಿನವೂ ನೆನೆಯುತ್ತಾರೆ. ಅವರ ಗಳಿಕೆಯ ದೊಡ್ಡ ಪಾಲು ಬರುವುದೂ ಸಿದ್ದರಾಮಪ್ಪನವರ ಮೂರು ಮನೆಗಳಿಂದಲೇ.

"ಗಿರಾಕಿನ ಓಡಸಾಕ ನಿನಗ ಕಮಿಷನ್ ಕೊಡಬೇಕೇನು? ಮೂರೂ ಕೀಲಿ ಇಲ್ಲಿಡು," ಎನ್ನುತ್ತಾರೆ ಅವರು, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತದೆ.

"ಆಕಿ ತಿಂಗಳದಾಗ ಬಿಟ್ಟು ಹೋದ್ರ ಮತ್ತ ಸುಣ್ಣ ಹೊಡಸಾವ್ರು ಯಾರ್ರಿ ಸಾವ್ಕಾರ್ರ? ಮನಿ ಕೆಟ್ಟಿಲ್ಲ. ಹಗಲ ಮನ್ಯಾಗ ಇರಲಾರದ ಮಂದಿ ಬೇಕು."

ಅಂಥವರನ್ನು ಹುಡುಕಲು ಸಾಹುಕಾರರು ನಾಳೆ ಮಧ್ಯಾಹ್ನದವರೆಗೆ ಗಡುವು ಕೊಡುತ್ತಾರೆ.

ಮರುದಿನ ಸುತ್ತಿಗೆಗಳ ಸದ್ದಿನ ನಡುವೆಯೇ ಗುರುಶಾಂತ, ಶಿವದೇವಿ ದಂಪತಿ ಮನೆ ನೋಡುತ್ತಾರೆ. ಇಬ್ಬರಿಗೂ ಕೋಠಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. "ನಾವು ಬರೋದ ರಾತ್ರಿ ಒಂಬತ್ತಕ್ಕ. ಅಷ್ಟೊತ್ತಿಗೆ ಸುತ್ತಿಗಿಗೂ ನಿದ್ದಿ ಬಂದಿರತೈತಿ," ಎಂದು ಗುರುಶಾಂತ ನಗುತ್ತಾರೆ. ಭಾನುವಾರ ಮನೆಯಲ್ಲೇ ಇರುವ ಶಿವದೇವಿಗೆ ಒಂದೇ ಅನುಮಾನ: "ಐತ್ವಾರ?"

"ಐತ್ವಾರ ಶೆಡ್ಡಿಗೂ ರಜಾ."

ಅಡ್ವಾನ್ಸ್ ಅಲ್ಲೇ ಕೈ ಸೇರುತ್ತದೆ. ಕೀಲಿಗಳು ದಾನೇಶ್ವರಿಯ ಬಳಿಯೇ ಉಳಿಯುತ್ತವೆ. ಸಿದ್ದರಾಮಪ್ಪ ಹೊಗಳಿಲ್ಲ, ತಮ್ಮನ ಮನೆಯ ಕೀಲಿಯನ್ನೂ ಕಳಿಸಿದ್ದಾರೆ.

ಸುಮತಿಗೆ ಮನೆ ಸಿಗುವುದು ದಂಡು ಪ್ರದೇಶದ ಕಡೆಗೆ. ಆಸ್ಪತ್ರೆಗೆ ಬಸ್ ಹತ್ತಬೇಕು, ಅಡುಗೆಮನೆ ಇಕ್ಕಟ್ಟು. ಎರಡನ್ನೂ ಮೊದಲೇ ಕೇಳಿಸಿಕೊಂಡು, ಅಲ್ಲಿಯೂ ಚಾಪೆಯ ಮೇಲೆ ಮಲಗಿ ನೋಡಿಯೇ ಅವರು ಒಪ್ಪಿದ್ದಾರೆ. ಸಾಮಾನು ಸಾಗಿಸಿದ ಮರುದಿನ ಮಧ್ಯಾಹ್ನ ನಾಲ್ಕು ಗಂಟೆಗೆ ದಾನೇಶ್ವರಿಯ ಫೋನ್ ಬಡಿದುಕೊಳ್ಳುತ್ತದೆ.

"ಅಕ್ಕಾ, ಈಗ ಎದ್ದೆ."

ಫೋನಿಟ್ಟ ಮೇಲೂ ದಾನೇಶ್ವರಿಯ ಮುಖದಲ್ಲಿ ನಗು ಹಾಗೇ ಇದೆ. "ಇದೇ ನನ್ನ ಕಮಿಷನ್ ಅಂತ ಸುಳ್ಳು ಹೇಳಂಗಿಲ್ರಿ. ಕಮಿಷನ್ ಪೂರಾ ತಗೊಂಡೀನಿ. ಇದು ಅದರ ಮ್ಯಾಲಿಂದು."