ಮೊದಲಿನ ಕ್ಯಾಪ್ಟನ್

ಮುಚ್ಚುಮರೆ ಯಾಕೆ, ನನಗೆ ನಾದಿನಿಯ ಮೇಲೆ ಹೊಟ್ಟೆಕಿಚ್ಚಿತ್ತು. ಅವಳ ಸೀರೆ, ಬಂಗಾರ ಕಂಡಲ್ಲ. ಒಂದು ಟೀವಿ ಧಾರಾವಾಹಿಗಾಗಿ.

ಗಂಗಾವತಿಯಿಂದ ಮದುವೆಯಾಗಿ ಕುಷ್ಟಗಿಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಮೊದಲ ಭಾನುವಾರವೇ ಕಂಡೆ: ಸಾಲಿ ಮಾಸ್ತರರಾಗಿದ್ದ ನನ್ನ ಗಂಡ, ಹೈಸ್ಕೂಲಿಗೆ ಹೋಗುತ್ತಿದ್ದ ಅವರ ತಂಗಿ, ಇಬ್ಬರೂ ಜಳಕವನ್ನೂ ಮಾಡದೆ ಟೀವಿ ಮುಂದೆ ಕೂತಿದ್ದಾರೆ. ಹಿಂದಿಗೆ ಡಬ್ ಮಾಡಿದ ಧಾರಾವಾಹಿ. ಗ್ರಹದಿಂದ ಗ್ರಹಕ್ಕೆ ಟಪಾಲು ಒಯ್ಯುವ ನೌಕೆ, ಅದಕ್ಕೊಬ್ಬಳು ಕ್ಯಾಪ್ಟನ್, ಕಾಗದ ವಿಂಗಡಿಸಲು ಮೂರು ಕೈಯ ಒಂದು ಯಂತ್ರ. ನಾನು ಏನಾದರೂ ಕೇಳಿದರೆ ನಾದಿನಿ ತಿರುಗಿಯೂ ನೋಡುತ್ತಿರಲಿಲ್ಲ.

"ವೈನಿ, ನೀವು ಮೊದಲಿಂದ ನೋಡಿಲ್ರಿ. ನಿಮಗ ತಿಳಿಯಂಗಿಲ್ಲ ಬಿಡ್ರಿ."

ಗಂಡ ನಗುತ್ತಿದ್ದರು.

ಹಟಕ್ಕೆ ಬಿದ್ದು ನಾನೂ ನೋಡಿದೆ. ವರ್ಷಗಟ್ಟಲೆ, ಒಂದು ವಾರವೂ ಬಿಡದೆ ನೋಡಿದೆ. ಬಾಗಿಲು ಹಾಕಿದರೆ ನೌಕೆಯ ಗೋಡೆ ಅಲುಗಾಡುತ್ತಿತ್ತು, ಅದನ್ನು ಕ್ಷಮಿಸಬಹುದು. ಅಷ್ಟು ದೊಡ್ಡ ನೌಕೆಯಲ್ಲಿ ಒಂದು ಒಲೆ ಇಲ್ಲ, ಯಾರೂ ರೊಟ್ಟಿ ಬಡಿಯುವುದಿಲ್ಲ, ಎಲ್ಲರ ಹೊಟ್ಟೆ ಹೇಗೆ ತುಂಬುತ್ತಿತ್ತೋ ಶಿವನೇ ಬಲ್ಲ. ಕೊನೆಕೊನೆಗೆ ಪ್ರೇಮ ಪ್ರಸಂಗ ತುರುಕಿ ಕೆಡಿಸಿಟ್ಟರು. ಆದರೆ ಕ್ಯಾಪ್ಟನ್ ಹೆಂಗಸಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ನೌಕೆಗೆ ಹೊಸಬಳು ಅವಳು, ಉಳಿದವರೆಲ್ಲ ಹಳೆಯ ಕ್ಯಾಪ್ಟನ್‌ನ ಮಾತೆತ್ತಿ ಕುಟುಕುವವರೇ. ಆದರೂ ಒಂದು ಕಾಗದ ಕಳೆಯಲಿಲ್ಲ. ಅವಳು ನನ್ನವಳು.

"ಮೊದಲಿನ ಕ್ಯಾಪ್ಟನ್ ಮುಂದ ಇಕಿ ಏನೂ ಅಲ್ಲ," ಎನ್ನುತ್ತಿದ್ದಳು ನಾದಿನಿ. "ಅಂವ ಹೋದದ್ದು ನೀವು ನೋಡಬೇಕಿತ್ರಿ. ಒಂದ ಒಂದು ಚೀಟಿ ಉಳದಿತ್ತು. ಅದನ್ನ ಕೊಡಾಕ ನೌಕೆ ಬಿಟ್ಟು ಒಬ್ಬನ ಇಳದು ಹೋದ. ಹೌದಲ್ಲೋ ಅಣ್ಣಾ?"

"ಹೌದವಾ," ಎನ್ನುತ್ತಿದ್ದರು ಗಂಡ. ಅಣ್ಣತಂಗಿಯ ಆ ಮಾತಿನಲ್ಲಿ ನನಗೆ ಜಾಗವಿರಲಿಲ್ಲ. ಅವಳು ಹನುಮಸಾಗರಕ್ಕೆ ಮದುವೆಯಾಗಿ ಹೋದ ಮೇಲೂ ಭಾನುವಾರ ಫೋನು ಬರುತ್ತಿತ್ತು, ಅದೇ ಕ್ಯಾಪ್ಟನ್, ಅದೇ ಚೀಟಿ. ನನ್ನ ಗಂಡ ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ನೆನಪಿಲ್ಲ.

ಎಷ್ಟೋ ವರ್ಷಗಳ ಮೇಲೆ ಕೈಗೆ ಒಳ್ಳೆ ಫೋನು ಬಂತು. ಹುಡುಕಿದರೆ ಹಳೆಯ ಕಂತುಗಳೆಲ್ಲ ಅದರಲ್ಲಿವೆ! ಮನೆಯಲ್ಲಿ ಯಾರೂ ಇಲ್ಲದಾಗ ಒಂದೊಂದಾಗಿ ನೋಡಿ ಮುಗಿಸಿದೆ. ಮೊದಲಿನ ಕ್ಯಾಪ್ಟನ್ ಎಲ್ಲಿಯೂ ಇಳಿದು ಹೋಗುವುದಿಲ್ಲ. ನೌಕೆಗೆ ಬೆಂಕಿ ಹತ್ತಿ, ಎಲ್ಲರ ಕಣ್ಣೆದುರು ಸಾಯುತ್ತಾನೆ. ಚೀಟಿಯೂ ಇಲ್ಲ, ಗೀಟಿಯೂ ಇಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಪಂಚಮಿಗೆ ತವರಿಗೆ ಬರಲಿ, ಇವಳ ಜಂಬ ಇಳಿಸುತ್ತೇನೆ ಎಂದು ಕಾದೆ.

ಬಂದಳು. ಗಂಡ ಪೇಟೆಗೆ ಹೋಗಿದ್ದರು. ಇಬ್ಬರೂ ಶೇಂಗಾ ಉಂಡಿ ಕಟ್ಟುತ್ತಾ ಕೂತಾಗ ಫೋನು ಅವಳ ಮುಂದೆ ಹಿಡಿದೆ. ಬೆಂಕಿ ಹತ್ತಿತು, ಕ್ಯಾಪ್ಟನ್ ಸತ್ತ. ಅವಳು ಉಂಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತ್ರಿ ವೈನಿ. ಮದುವಿ ಆದ ವರ್ಷ ಹನುಮಸಾಗರದಾಗ ನೋಡೀನಿ, ಹಳೇವು ತಿರುಗಿ ಹಾಕಿದ್ರು."

"ಮತ್ತ? ಇಷ್ಟು ವರ್ಷ ಸುಳ್ಳು ಹೇಳಿದ್ರೇನು ಇಬ್ಬರೂ?"

"ನೀವು ಬರೂಕಿಂತ ಮೊದಲಿಂದ್ರಿ, ಅಪ್ಪ ತೀರಿ ತಿಂಗಳಾಗಿದ್ದಿಲ್ಲ. ಟೀವಿಯಾಗ ನೌಕೆಗೆ ಬೆಂಕಿ ಹತ್ತೂದಕ್ಕೂ ಕರೆಂಟ್ ಹೋಗೂದಕ್ಕೂ ಸರಿ ಆತು. ಕ್ಯಾಪ್ಟನ್ ಸಾಯ್ತಾನಂತ ಒಂದ ಸವನ ಅಳಾಕ ಹತ್ತಿದ್ದೆ. ಓಣಿಯಾಗ ಒಬ್ಬರು ಟ್ರ್ಯಾಕ್ಟರ್ ಬ್ಯಾಟ್ರಿ ಹಚ್ಚಿ ಟೀವಿ ನೋಡ್ತಿದ್ರು. ಅಣ್ಣ ಅಲ್ಲಿಗೆ ಓಡಿದ. ನೋಡಿ ಬಂದು, 'ಸತ್ತಿಲ್ಲವಾ, ಚೀಟಿ ಕೊಡಾಕ ಇಳದು ಹೋದ' ಅಂದ." ಅವಳು ನನ್ನ ಕೈ ಹಿಡಿದಳು. "ನನಗ ಗೊತ್ತಾಗೇತಿ ಅಂತ ಅಣ್ಣಗ ಹೇಳಬ್ಯಾಡ್ರಿ. ಪಾಪ, ಇನ್ನೂ ನಂಬೀನಂತ ತಿಳಕೊಂಡಾನ."

ಕಿಚ್ಚು ಆರಲಿಲ್ಲ, ಇನ್ನೂ ಹೆಚ್ಚಾಯಿತು. ಧಾರಾವಾಹಿಯನ್ನು ಆಮೇಲಾದರೂ ನೋಡಿ ಮುಗಿಸಬಹುದು. ಇದನ್ನು ಎಲ್ಲಿಂದ ತರಲಿ? ನನಗಾಗಿ ಯಾರೂ ಒಂದು ಸುಳ್ಳು ಹೊತ್ತು ತಂದವರಿಲ್ಲ.

"ಏನ್ ನಡಸೀರಿ ಇಬ್ಬರೂ?" ಗಂಡ ಚೀಲ ಹಿಡಿದು ಒಳಗೆ ಬಂದರು. ನಾದಿನಿ ನನ್ನ ಮುಖ ನೋಡಿದಳು. ಒಂದು ಮಾತು ಸಾಕಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಫೋನು ಬೋರಲು ಇಟ್ಟೆ.

"ಏನಿಲ್ರಿ. ಮೊದಲಿನ ಕ್ಯಾಪ್ಟನ್ ಹೆಂಗ ಇಳದು ಹೋದ ಅಂತ ನಿಮ್ಮ ತಂಗಿ ಹೇಳಾಕ ಹತ್ತಿದ್ಲು."

"ಅಕಿಗೇನ್ ಹೇಳಾಕ ಬರ್ತೈತಿ, ನಾ ಹೇಳ್ತೀನಿ ಕೇಳು," ಎಂದು ಮಣೆ ಎಳೆದುಕೊಂಡು ಕೂತರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆಂದೇ, ಮೊದಲಿನಿಂದ, ಬಿಡಿಸಿ ಬಿಡಿಸಿ ಹೇಳಿದರು. ಆದರೆ ಕಣ್ಣು ನನ್ನ ಮೇಲಿರಲಿಲ್ಲ. ಕೊನೆಯವರೆಗೂ ತಂಗಿಯ ಮುಖವನ್ನೇ ನೋಡುತ್ತಿದ್ದರು, ಅವಳು ಇನ್ನೂ ನಂಬಿದ್ದಾಳೋ ಇಲ್ಲವೋ ಎಂದು.